ಆಮಿಶ್ ಮಂದಿ ಇನ್ನೆಷ್ಟು ಕಾಲ ಹೀಗೇ ಇರುತ್ತಾರೆ?

ಶಾರದಾ, ಹ್ಯಾರಿಸ್‌ಬರ್ಗ್

ನಾವು ಪೆನ್ಸಿಲ್ವೇನಿಯಾಕ್ಕೆ ಬಂದು ಹದಿನಾಲ್ಕು ವರ್ಷ ಆಯಿತು. ಮನೆಯಿಂದ ಕಾರಲ್ಲಿ ಒಂದು ಗಂಟೆಯೊಳಗೆ ಲ್ಯಾಂಕಾಸ್ಟರ್ ಕೌಂಟಿ. ಬೇಸಿಗೆಯಲ್ಲಿ ಟೊಮೆಟೊ, ಜೋಳ, ಕುಂಬಳಕಾಯಿ ಎಲ್ಲ ಅಲ್ಲಿನ ರಸ್ತೆ ಬದಿಯ ಆಮಿಶ್ ಅಂಗಡಿಗಳಲ್ಲೇ ತರುತ್ತೇವೆ. ಆಮಿಶ್ ಅಂದರೆ ಸ್ವಂತ ಕಾರು, ಕರೆಂಟಿನ ಲೈನು ಬೇಡ ಅಂತ ಕುದುರೆ ಗಾಡಿಯಲ್ಲೇ ಓಡಾಡುವ ಒಂದು ಕ್ರೈಸ್ತ ಪಂಗಡದವರು. ಕೆಲವು ಕಡೆ ಮಾರುವವರೇ ಇರುವುದಿಲ್ಲ. ಒಂದು ಡಬ್ಬಿ ಇಟ್ಟಿರುತ್ತಾರೆ, ನಾವೇ ದುಡ್ಡು ಹಾಕಿ ಬರಬೇಕು.

ಹೋದ ಶನಿವಾರ ಊಟದ ಮೇಜು ಮಾಡಿಸಲು ಅಲ್ಲಿನ ಒಬ್ಬ ಬಡಗಿಯ ಹತ್ತಿರ ಹೋಗಿದ್ದೆವು. ಶೆಡ್ಡಿನಲ್ಲಿ ಗರಗಸ, ತೂತು ಕೊರೆಯುವ ಮಷೀನು, ಮರ ಉಜ್ಜುವ ಮಷೀನು ಎಲ್ಲ ಇತ್ತು. ಕರೆಂಟು ಮಾತ್ರ ಇಲ್ಲ. ಹೊರಗೆ ಒಂದು ಡೀಸೆಲ್ ಎಂಜಿನ್ ಡಗಡಗ ಅನ್ನುತ್ತಿತ್ತು. ಅದು ದೊಡ್ಡ ಟ್ಯಾಂಕಿಗೆ ಗಾಳಿ ಒತ್ತಿ ತುಂಬುತ್ತದೆ, ಆ ಗಾಳಿ ಪೈಪಿನಲ್ಲಿ ಬಂದು ಮಷೀನು ತಿರುಗಿಸುತ್ತದೆ. ಕುಡಿಯಲು ನೀರು ಕೇಳಿದೆ, ಮನೆಯೊಳಗೆ ಕರೆದರು. ನೋಡಿದರೆ ಅಡುಗೆ ಕಟ್ಟೆಯ ಮೇಲೆ ಮಿಕ್ಸಿ! ಹಿಂದೆ ವೈರಿನ ಬದಲು ಒಂದು ಸಣ್ಣ ಪೈಪು. ಆಕೆ ಗುಂಡಿ ತಿರುಗಿಸಿ ತೋರಿಸಿದರು. ಸುಯ್ಯ್ ಅಂತ ತಿರುಗಿತು. ನಮ್ಮ ಮನೆಯ ಮಿಕ್ಸಿಗಿಂತ ಸದ್ದು ಕಡಿಮೆ, ಸುಳ್ಳಲ್ಲ.

ವಾಪಸ್ ಬರುವಾಗ ಮಗ ಕೇಳಿದ, "ಅಮ್ಮ, ಎಲ್ಲ ಕೆಲಸಕ್ಕೂ ಎಐ ಬರ್ತಿದೆ. ಇವರೆಲ್ಲ ಏನಾಗ್ತಾರೆ?" ನನಗೆ ಉತ್ತರ ಹೊಳೆಯಲಿಲ್ಲ. ಇಲ್ಲಿ ಓಹಿಯೋ, ಇಂಡಿಯಾನಾ ಕಡೆ ಇರುವವರು ಇದ್ದೀರಲ್ಲ, ನಿಮಗೇನನ್ನಿಸುತ್ತದೆ?

ಸುಮ್ನೆ_ಓದುವವ

ಇನ್ನು ಇಪ್ಪತ್ತು ವರ್ಷ ಅಷ್ಟೇ ಅಕ್ಕ. ಆಮೇಲೆ ಟಿಕೆಟ್ ಇಟ್ಟು ತೋರಿಸುತ್ತಾರೆ. ಮಕ್ಕಳ ಕೈಗೆ ಒಂದು ಸಲ ಫೋನ್ ಬಂತು ಅಂದರೆ ಯಾರು ಕುದುರೆ ಗಾಡಿ ಓಡಿಸುತ್ತಾರೆ?

ನಾಗರಾಜ, ಓಹಿಯೋ

ಈ ಮಾತನ್ನು ನೂರು ವರ್ಷದಿಂದ ಹೇಳುತ್ತಲೇ ಬಂದಿದ್ದಾರೆ ಗುರುಗಳೇ. ಕಾರು ಬಂದಾಗ ಹೇಳಿದರು, ಟೀವಿ ಬಂದಾಗ ಹೇಳಿದರು. 1900ರಲ್ಲಿ ಅಮೆರಿಕದಲ್ಲಿ ಆಮಿಶ್ ಜನ ಇದ್ದದ್ದು ಸುಮಾರು 5,000. ಈಗ ಸುಮಾರು 4 ಲಕ್ಷ. ಹತ್ತಿರ ಹತ್ತಿರ ಇಪ್ಪತ್ತು ವರ್ಷಕ್ಕೊಮ್ಮೆ ದುಪ್ಪಟ್ಟು ಆಗುತ್ತಿದ್ದಾರೆ. ಇದರಲ್ಲಿ ಹೊರಗಿನಿಂದ ಬಂದು ಸೇರಿದವರು ಬೆರಳೆಣಿಕೆ. ಅವರು ಮತ ಪ್ರಚಾರ ಮಾಡುವುದಿಲ್ಲ. ಮನೆಗೆ ಐದಾರು ಮಕ್ಕಳು, ಅದರಲ್ಲಿ ನೂರಕ್ಕೆ ಸುಮಾರು 85 ಮಕ್ಕಳು ಅಲ್ಲೇ ಉಳಿಯುತ್ತಾರೆ. ಲೆಕ್ಕ ಅಷ್ಟೇ.

ನಾನಿರುವುದು ಹೋಮ್ಸ್ ಕೌಂಟಿಯ ಪಕ್ಕ. ಲ್ಯಾಂಕಾಸ್ಟರ್ ಬಿಟ್ಟರೆ ದೊಡ್ಡ ನೆಲೆ ಇದೇ. ಇಲ್ಲಿ ಹೊಸ ಶಾಲೆ ಕಟ್ಟುವುದನ್ನು ನೋಡುತ್ತಿದ್ದೇನೆ, ಮುಚ್ಚುವುದನ್ನಲ್ಲ.

ಸುಮ್ನೆ_ಓದುವವ

ಸರಿ, ಜನಸಂಖ್ಯೆ ಒಪ್ಪಿದೆ. ಆದರೆ ಡೀಸೆಲ್ ಎಂಜಿನ್ ಓಕೆ, ಕರೆಂಟು ಬೇಡ. ಬಾಡಿಗೆ ಕಾರಲ್ಲಿ ಕೂರಬಹುದು, ಸ್ವಂತ ಕಾರು ಬೇಡ. ಇದು ಬೂಟಾಟಿಕೆ ಅಲ್ವಾ? ನಮ್ಮ ಕಡೆ ಒಬ್ಬರು ಮನೆಯಲ್ಲಿ ಈರುಳ್ಳಿ ತರಲ್ಲ, ಹೋಟೆಲಲ್ಲಿ ಮಸಾಲೆ ದೋಸೆ ಬಿಡಲ್ಲ. ಹಾಗಾಯಿತು.

ಶಾರದಾ, ಹ್ಯಾರಿಸ್‌ಬರ್ಗ್

ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಆ ಬಡಗಿಯನ್ನೇ ಕೇಳಿಬಿಟ್ಟೆ, ಸ್ವಲ್ಪ ಮುಜುಗರ ಪಟ್ಟುಕೊಂಡೇ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಕರೆಂಟು ಕೆಟ್ಟದ್ದು ಅಂತ ನಾವು ಯಾವತ್ತೂ ಹೇಳಿಲ್ಲ. ಆ ತಂತಿ ಮನೆಯೊಳಗೆ ಬಂದರೆ ಅದರ ಹಿಂದೆ ಏನೇನು ಬರುತ್ತೆ ಅಂತ ನೋಡುತ್ತೇವೆ" ಅಂದರು.

ನಾಗರಾಜ, ಓಹಿಯೋ

ಅದೇ ವಿಷಯ. ತಕರಾರು ತಂತಿಯ ಬಗ್ಗೆ. ಲ್ಯಾಂಕಾಸ್ಟರ್‌ನಲ್ಲಿ 1910ರ ಹೊತ್ತಿಗೆ ಮನೆಯೊಳಗೆ ಫೋನ್ ಬೇಡ ಅಂತ ತೀರ್ಮಾನ ಆಯಿತು, ಅದಾದ ಹತ್ತು ವರ್ಷಕ್ಕೆ ಕರೆಂಟಿನ ಲೈನೂ ಬೇಡ ಅಂತಾಯಿತು. ಇಬ್ಬರು ಹೆಂಗಸರು ಫೋನಿನಲ್ಲಿ ಮೂರನೆಯವಳ ಬಗ್ಗೆ ಆಡಿಕೊಂಡರು, ಅದೇ ಲೈನಿನಲ್ಲಿ ಆಕೆಯೂ ಕೇಳಿಸಿಕೊಂಡಳು, ಸಭೆಯವರೆಗೂ ಹೋಯಿತು ಅಂತ ಒಂದು ಕತೆ ಅಲ್ಲಿ ಬಾಯಿಂದ ಬಾಯಿಗೆ ಬಂದಿದೆ. ಆಮೇಲೆ ಡಾಕ್ಟರಿಗೆ, ಬೆಂಕಿ ಬಿದ್ದಾಗ, ಫೋನ್ ಬೇಕಲ್ಲ? ಅದಕ್ಕೆ ಹೊಲದ ಅಂಚಿನಲ್ಲಿ ನಮ್ಮ ಬಚ್ಚಲುಮನೆಯಷ್ಟು ಒಂದು ಮರದ ಗೂಡು ಕಟ್ಟಿ, ನಾಲ್ಕೈದು ಮನೆಗೆ ಒಂದು ಫೋನ್ ಇಟ್ಟರು. ಚಳಿಯಲ್ಲಿ ನಡೆದು ಹೋಗಿ ಮಾತಾಡಬೇಕು. ಹಾಗಾದಾಗ ಬೇಕಾದಷ್ಟೇ ಮಾತಾಡುತ್ತೀರಿ.

ಕಾರಿನದ್ದೂ ಹಾಗೇ. ಕುದುರೆ ಗಂಟೆಗೆ ಹದಿನೈದು ಕಿಲೋಮೀಟರ್ ಹೋದರೆ ಹೆಚ್ಚು. ಹಾಗಾಗಿ ಬದುಕೆಲ್ಲ ಅಷ್ಟು ಸುತ್ತಳತೆಯೊಳಗೇ ನಡೆಯಬೇಕು. ಅವರಿಗೆ ಚರ್ಚ್ ಕಟ್ಟಡವೇ ಇಲ್ಲ ಗೊತ್ತಾ? ವಾರ ಬಿಟ್ಟು ವಾರ ಒಬ್ಬೊಬ್ಬರ ಮನೆಯಲ್ಲಿ ಪ್ರಾರ್ಥನೆ. ಬೆಂಚುಗಳನ್ನು ಒಂದು ಗಾಡಿಗೆ ತುಂಬಿ ಮನೆಯಿಂದ ಮನೆಗೆ ಎಳೆದುಕೊಂಡು ಹೋಗುತ್ತಾರೆ. ಒಂದು ಗುಂಪು ಅಂದರೆ 25ರಿಂದ 40 ಮನೆ. ಅದು ಒಂದೇ ಮನೆಯಲ್ಲಿ ಹಿಡಿಸದಷ್ಟು ಬೆಳೆದರೆ ಎರಡು ಮಾಡುತ್ತಾರೆ.

ಪ್ರತಿ ಗುಂಪಿಗೂ ತನ್ನದೇ ಕಟ್ಟುಪಾಡು, ಅದಕ್ಕೆ 'ಆರ್ಡ್ನುಂಗ್' ಅನ್ನುತ್ತಾರೆ. ವರ್ಷಕ್ಕೆ ಎರಡು ಸಲ ಕೂತು ಅದನ್ನು ಮಾತಾಡಿ ಒಪ್ಪಿದರೆ ಮಾತ್ರ ಮುಂದಿನ ಪ್ರಭು ಭೋಜನ, ಅಂದರೆ ಎಲ್ಲರೂ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಾರ್ಥನೆ. ಹಾಗಾಗಿ "ಆಮಿಶ್ ಜನ ಇದನ್ನು ಬಳಸುತ್ತಾರಾ" ಅಂತ ಕೇಳಿದರೆ "ಯಾವ ಗುಂಪು" ಅಂತ ತಿರುಗಿ ಕೇಳಬೇಕು. ಲ್ಯಾಂಕಾಸ್ಟರ್‌ನಲ್ಲಿ ಸೈಕಲ್ ಬೇಡ, ಕಾಲಿನಿಂದ ತಳ್ಳುವ ಸ್ಕೂಟರ್ ಆಗಬಹುದು. ನಮ್ಮ ಹೋಮ್ಸ್ ಕಡೆ ಎಷ್ಟೋ ಜನ ಬ್ಯಾಟರಿ ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗುತ್ತಾರೆ, ಮನೆ ಮೇಲೆ ಸೋಲಾರ್ ಹಲಗೆ ಇದೆ. ಸ್ವಾರ್ಟ್ಸೆನ್‌ಟ್ರೂಬರ್ ಅಂತ ಇನ್ನೊಂದು ಕಟ್ಟಾ ಪಂಗಡ, ಅವರು ಗಾಡಿಯ ಹಿಂದೆ, ಇದು ನಿಧಾನ ಹೋಗುವ ವಾಹನ ಅಂತ ಎಚ್ಚರಿಸುವ ಕಿತ್ತಳೆ ಬಣ್ಣದ ತ್ರಿಕೋನ ಅಂಟಿಸಲೂ ಒಪ್ಪದೆ ಕೋರ್ಟಿಗೆ ಹೋದವರು.

ಡೈರಿ ರಾಮಣ್ಣ, ಚನ್ನರಾಯಪಟ್ಟಣ

ನಮಸ್ಕಾರ. ಒಂದು ಪ್ರಶ್ನೆ. ಇವರು ಹಾಲು ಕರೆಯುವವರು ಅಂತ ಕೇಳಿದ್ದೇನೆ. ಕರೆಂಟಿಲ್ಲದೆ ಹಾಲು ಹೇಗೆ ತಣ್ಣಗಿಡುತ್ತಾರೆ? ನಾನು ಇಪ್ಪತ್ತು ವರ್ಷ ಹಾಲಿನ ಸಂಘದಲ್ಲಿ ಕಾರ್ಯದರ್ಶಿ ಆಗಿದ್ದವನು. ಬಲ್ಕ್ ಕೂಲರ್‌ನಲ್ಲಿ ಹಾಲು ಕಲಕುವ ಮೋಟರ್ ನಿಂತರೆ ಕೆನೆ ಮೇಲೆ ಕಟ್ಟುತ್ತದೆ, ಫ್ಯಾಟ್ ಟೆಸ್ಟ್ ತಲೆಕೆಳಗಾಗುತ್ತದೆ. ಅದರ ಕಷ್ಟ ನನಗೆ ಗೊತ್ತು.

ನಾಗರಾಜ, ಓಹಿಯೋ

ರಾಮಣ್ಣನವರೇ, ಸರಿಯಾದ ಜಾಗಕ್ಕೆ ಕೈ ಇಟ್ಟಿರಿ. ಲ್ಯಾಂಕಾಸ್ಟರ್‌ನಲ್ಲಿ ಜಗಳ ಆದದ್ದೇ ಆ ಕಲಕುವ ಮೋಟರ್ ಮೇಲೆ. 1960ರ ದಶಕದ ಕೊನೆಯಲ್ಲಿ ಹಾಲಿನ ಕಂಪನಿಗಳು "ಇನ್ನು ಕ್ಯಾನಿನ ಹಾಲು ತಗೊಳ್ಳಲ್ಲ, ಎಲ್ಲರೂ ಬಲ್ಕ್ ಟ್ಯಾಂಕ್ ಹಾಕಿಸಿ" ಅಂದವು. ಇಲ್ಲ ಅಂದರೆ ಹೈನುಗಾರಿಕೆಯೇ ಹೋಗುತ್ತಿತ್ತು. ಬಿಷಪ್‌ಗಳು ಕಂಪನಿಯವರ ಜೊತೆ ಕೂತು ಮಾತಾಡಿದರು. ತಣ್ಣಗೆ ಮಾಡಲು ಡೀಸೆಲ್ ಎಂಜಿನ್, ಕಲಕಲು 12 ವೋಲ್ಟಿನ ಬ್ಯಾಟರಿ, ಇಷ್ಟಕ್ಕೆ ಒಪ್ಪಿದರು. ಆದರೆ ಭಾನುವಾರ ಲಾರಿ ಬಂದು ಹಾಲು ಒಯ್ಯುವುದು ಬೇಡ ಅಂತ ಹಟ ಹಿಡಿದರು. ಕಂಪನಿಗಳೇ ಒಪ್ಪಿದವು.

ಡೈರಿ ರಾಮಣ್ಣ, ಚನ್ನರಾಯಪಟ್ಟಣ

ಭಾನುವಾರ ಹಾಲು ಬೇಡ ಅನ್ನುವ ಧೈರ್ಯ! ನಮ್ಮಲ್ಲಿ ಯುಗಾದಿಗೂ ಬೆಳಗ್ಗೆ ಆರಕ್ಕೆ ಬಾಗಿಲು ತೆಗೆಯಬೇಕಿತ್ತು.

ಕವಿತಾ ಟೀಚರ್

ಎಲ್ಲರೂ ಮಿಕ್ಸಿ, ಹಾಲು ಅಂತ ಖುಷಿಯಾಗಿ ಮಾತಾಡುತ್ತಿದ್ದೀರಿ. ನಾನು ಸ್ವಲ್ಪ ಕಹಿ ಹೇಳುತ್ತೇನೆ. ಇವರ ಮಕ್ಕಳ ಓದು ಎಂಟನೇ ಕ್ಲಾಸಿಗೆ ಮುಗಿಯುತ್ತದೆ. 1972ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ವಿಸ್ಕಾನ್ಸಿನ್ ರಾಜ್ಯ ಮತ್ತು ಯೋಡರ್ ನಡುವಿನ ಪ್ರಕರಣದಲ್ಲಿ ಇದಕ್ಕೆ ಒಪ್ಪಿಗೆಯ ಮುದ್ರೆ ಒತ್ತಿತು. ಮಕ್ಕಳನ್ನು ಹೈಸ್ಕೂಲಿಗೆ ಕಳಿಸದ ಅಪ್ಪಂದಿರಿಗೆ ತಲಾ 5 ಡಾಲರ್ ದಂಡ ಬಿದ್ದಿತ್ತು, ಅಷ್ಟು ಸಣ್ಣ ಮೊತ್ತದಿಂದ ಶುರುವಾದ ಕೇಸು. ಆಗ ನ್ಯಾಯಮೂರ್ತಿ ಡಗ್ಲಸ್ ಒಬ್ಬರೇ ಬೇರೆ ಮಾತು ಬರೆದರು. ಅಪ್ಪನ ಇಷ್ಟ ಕೇಳಿದಿರಿ, ಮಗುವಿನ ಇಷ್ಟವನ್ನು ಯಾರು ಕೇಳಿದರು ಅನ್ನುವುದು ಅವರ ತಕರಾರಿನ ತಿರುಳು. ನನ್ನ ಪ್ರಶ್ನೆಯೂ ಅದೇ.

ನೂರಕ್ಕೆ 85 ಉಳಿಯುತ್ತಾರೆ ಅಂತ ನಾಗರಾಜ್ ಹೆಮ್ಮೆಯಿಂದ ಹೇಳಿದರು. ಹದಿನಾಲ್ಕು ವರ್ಷಕ್ಕೆ ಓದು ಬಿಟ್ಟ ಹುಡುಗಿ ಹೊರಗೆ ಹೋಗಿ ಏನು ಮಾಡಬೇಕು? ಉಳಿಯುವುದು ಆಯ್ಕೆಯೋ, ಬೇರೆ ದಾರಿ ಇಲ್ಲದ್ದೋ? ಒಳಗೆ ಹೆಣ್ಣುಮಕ್ಕಳ ಮೇಲೆ ದೌರ್ಜನ್ಯ ಆದಾಗ ಪೊಲೀಸರಿಗೆ ಹೇಳದೆ ಸಭೆಯಲ್ಲೇ ಕ್ಷಮೆ ಕೇಳಿಸಿ ಮುಗಿಸಿದ ಪ್ರಕರಣಗಳು ಆಮೇಲೆ ಕೋರ್ಟಿಗೆ ಬಂದಿವೆ.

ನಾಗರಾಜ, ಓಹಿಯೋ

ಹೆಮ್ಮೆಯಿಂದ ಹೇಳಲಿಲ್ಲ ಮೇಡಂ, ಲೆಕ್ಕ ಹೇಳಿದೆ. ನೀವು ಹೇಳಿದ್ದು ನಿಜ. ಒಂದೇ ಮಾತು ಸೇರಿಸುತ್ತೇನೆ. ಅವರಲ್ಲಿ ಹುಟ್ಟಿದ ಮಾತ್ರಕ್ಕೆ ಯಾರೂ ಸದಸ್ಯರಲ್ಲ. ಹದಿನಾರು ತುಂಬಿದ ಮೇಲೆ 'ರುಮ್‌ಸ್ಪ್ರಿಂಗಾ' ಅಂತ ಓಡಾಡಿಕೊಂಡಿರುವ ಕಾಲ, ಆಮೇಲೆ ಸಾಮಾನ್ಯವಾಗಿ ಹದಿನೆಂಟರಿಂದ ಇಪ್ಪತ್ತೆರಡರೊಳಗೆ ತಾವೇ ಮುಂದೆ ಬಂದು ದೀಕ್ಷಾಸ್ನಾನ ತಗೊಳ್ಳಬೇಕು. ಅದಕ್ಕೂ ಮುಂಚೆ ಬಿಟ್ಟು ಹೋದರೆ ಬಹಿಷ್ಕಾರ ಇಲ್ಲ. ಆದ ಮೇಲೆ ಹೋದರೆ ಉಂಟು, ಎಷ್ಟೋ ಕಡೆ ಅಪ್ಪ ಅಮ್ಮನೂ ಒಂದೇ ಮೇಜಿನಲ್ಲಿ ಕೂತು ಉಣ್ಣುವುದಿಲ್ಲ.

ಕವಿತಾ ಟೀಚರ್

ಎಂಟನೇ ಕ್ಲಾಸು ಓದಿದ ಹದಿನೆಂಟರ ಹುಡುಗಿಗೆ "ನೀನೇ ಆರಿಸಿಕೋ" ಅಂದರೆ ಅದನ್ನು ಸ್ವಾತಂತ್ರ್ಯ ಅನ್ನಲು ನನ್ನಿಂದ ಆಗುವುದಿಲ್ಲ. ಇಲ್ಲಿಗೆ ನಿಲ್ಲಿಸುತ್ತೇನೆ, ಜಗಳ ಬೇಡ.

ಸುಮ್ನೆ_ಓದುವವ

ಟೀಚರ್‌ಗೆ ನನ್ನ ಓಟು. ಮತ್ತೆ ಇವರು ಟ್ಯಾಕ್ಸೂ ಕಟ್ಟಲ್ವಂತೆ?

ನಾಗರಾಜ, ಓಹಿಯೋ

ಕಟ್ಟುತ್ತಾರೆ. ಆದಾಯ ತೆರಿಗೆ, ಮನೆ ತೆರಿಗೆ, ತಮ್ಮ ಮಕ್ಕಳು ಹೋಗದ ಸರ್ಕಾರಿ ಶಾಲೆಗಳ ತೆರಿಗೆ ಎಲ್ಲ. ಸೋಷಿಯಲ್ ಸೆಕ್ಯುರಿಟಿ ಒಂದಕ್ಕೆ ಮಾತ್ರ ಸ್ವಂತ ದುಡಿಮೆಯವರಿಗೆ ವಿನಾಯಿತಿ, ಅದರ ಪಿಂಚಣಿಯನ್ನೂ ಅವರು ತಗೊಳ್ಳುವುದಿಲ್ಲ. ಆ ವಿನಾಯಿತಿ ಬಂದದ್ದು 1965ರಲ್ಲಿ. ಅದಕ್ಕೆ ನಾಲ್ಕು ವರ್ಷ ಮುಂಚೆ ಪೆನ್ಸಿಲ್ವೇನಿಯಾದಲ್ಲಿ ವ್ಯಾಲೆಂಟೈನ್ ಬೈಲರ್ ಅನ್ನುವ ರೈತ ಹೊಲ ಉಳುತ್ತಿದ್ದಾಗಲೇ ತೆರಿಗೆಯವರು ಬಂದು ಕುದುರೆ ಬಿಚ್ಚಿಕೊಂಡು ಹೋಗಿ ಮಾರಿದ್ದರು. ದೇಶವೆಲ್ಲ ಛೀ ಅಂದಿತು.

ಮೀನಾ, ನರ್ಸ್

ಕವಿತಾ ಮೇಡಂ ಮಾತಿಗೆ ನನ್ನ ಸಹಮತ ಇದೆ. ಆದರೆ ನನ್ನ ಕ್ಷೇತ್ರದ ಒಂದು ಸಂಗತಿ ಹೇಳಲೇಬೇಕು, ಯಾಕೆಂದರೆ "ಆಮಿಶ್ ಅಂದರೆ ವಿಜ್ಞಾನ ವಿರೋಧಿ" ಅನ್ನುವುದು ಅರ್ಧ ಸತ್ಯ.

ಅವರ ಪೂರ್ವಿಕರು ಕೆಲವೇ ನೂರು ಜನ, 1700ರ ದಶಕದಲ್ಲಿ ಯೂರೋಪಿನಿಂದ ಬಂದವರು. ಹೊರಗಿನ ಸಂಬಂಧ ಇಲ್ಲ. ನಮ್ಮಲ್ಲಿ ಸೋದರಮಾವನಿಗೆ ಕೊಡುವುದು ಉಂಟಲ್ಲ, ಅವರಲ್ಲಿ ಅದಿಲ್ಲ, ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳ ನಡುವೆಯೂ ಮದುವೆ ಇಲ್ಲ. ಆದರೂ ಬೇರು ಒಂದೇ ಆಗಿರುವುದರಿಂದ ಕೆಲವು ವಂಶವಾಹಿ ಕಾಯಿಲೆ ಜಾಸ್ತಿ. ಅದರಲ್ಲಿ ಒಂದು ಜಿಎ1 (ಗ್ಲೂಟಾರಿಕ್ ಅಸಿಡೂರಿಯಾ), ಆಹಾರದ ಪ್ರೋಟೀನಿನ ಕೆಲವು ಅಂಶ ಮೈಯಲ್ಲಿ ಸರಿಯಾಗಿ ಕರಗದ ಕಾಯಿಲೆ. ಮಗು ಚೆನ್ನಾಗಿಯೇ ಇರುತ್ತದೆ. ಒಂದು ವರ್ಷದ ಆಸುಪಾಸು ಒಂದು ಜ್ವರ ಬರುತ್ತದೆ, ಒಂದೆರಡು ದಿನದೊಳಗೆ ಮಿದುಳಿಗೆ ಪೆಟ್ಟು ಬಿದ್ದು ಜೀವನಪೂರ್ತಿ ಕೈಕಾಲು ಸ್ವಾಧೀನ ಇರುವುದಿಲ್ಲ.

1989ರಲ್ಲಿ ಡಾಕ್ಟರ್ ಹೋಮ್ಸ್ ಮಾರ್ಟನ್ ಲ್ಯಾಂಕಾಸ್ಟರ್ ಕೌಂಟಿಯಲ್ಲಿ ಈ ಮಕ್ಕಳಿಗಾಗಿಯೇ ಒಂದು ಕ್ಲಿನಿಕ್ ಶುರು ಮಾಡಿದರು. ಸ್ಟ್ರಾಸ್‌ಬರ್ಗ್ ಹತ್ತಿರ ಅದರ ಮೊದಲ ಕಟ್ಟಡವನ್ನು ಆಮಿಶ್ ಬಡಗಿಗಳೇ, ಕೊಟ್ಟಿಗೆ ಎಬ್ಬಿಸುವ ಹಾಗೆ, ಎಲ್ಲರೂ ಸೇರಿ ಎಬ್ಬಿಸಿ ನಿಲ್ಲಿಸಿದರು. ಇವತ್ತಿಗೂ ವರ್ಷ ವರ್ಷ ಹರಾಜು ಹಾಕುತ್ತಾರೆ. ಕೌದಿ, ಪೀಠೋಪಕರಣ, ತಿಂಡಿ ಮಾರಿ ಬಂದ ದುಡ್ಡು ಕ್ಲಿನಿಕ್ಕಿಗೆ. ಹುಟ್ಟಿದ ಕೂಡಲೇ ರಕ್ತ ಪರೀಕ್ಷೆ ಮಾಡಿ ಪಥ್ಯದ ಆಹಾರ ಶುರು ಮಾಡಿದರೆ ಜಿಎ1 ಇರುವ ಬಹುಪಾಲು ಮಕ್ಕಳು ಈಗ ಓಡಾಡಿಕೊಂಡಿರುತ್ತಾರೆ. ಹೊರಗೆ ಕುದುರೆ ಕಟ್ಟುವ ಕಂಬ, ಒಳಗೆ ಡಿಎನ್‌ಎ ಓದುವ ಯಂತ್ರ. ವಿಮೆ ಇಲ್ಲದ ಜನ ತಮ್ಮ ಕೈಯಿಂದಲೇ ಇದನ್ನು ಸಾಕಿದ್ದಾರೆ. ಯಂತ್ರ ತಮ್ಮ ಕೈಯಲ್ಲಿರುವ ತನಕ ಅವರಿಗೆ ಯಂತ್ರದ ಭಯ ಇಲ್ಲ ಅನ್ನುವುದು ನನ್ನ ಅನಿಸಿಕೆ.

ಹರೀಶ, ಗೋಶೆನ್ ಇಂಡಿಯಾನಾ

ತಡವಾಗಿ ಬಂದೆ. ಎಲ್ಲರೂ ಯಂತ್ರದ ಬಗ್ಗೆ ಮಾತಾಡುತ್ತಿದ್ದೀರಿ. ನನಗೆ ಕಾಣುವ ಸಮಸ್ಯೆ ಬೇರೆ. ಭೂಮಿ.

ಆರು ಗಂಡು ಮಕ್ಕಳಿಗೆ ಹಂಚಲು ಹೊಲ ಎಲ್ಲಿದೆ? ಲ್ಯಾಂಕಾಸ್ಟರ್‌ನಲ್ಲಿ ಎಕರೆ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಅದಕ್ಕೇ ಎಷ್ಟೋ ಮನೆತನ ಕೆಂಟಕಿ, ನ್ಯೂಯಾರ್ಕ್, ವಿಸ್ಕಾನ್ಸಿನ್ ಕಡೆ ಗುಳೆ ಹೋಗಿ ಹೊಸ ಊರು ಕಟ್ಟುತ್ತಿವೆ. ಉಳಿದವರು ಬೇಸಾಯ ಬಿಟ್ಟಿದ್ದಾರೆ. ನಮ್ಮ ಎಲ್ಕ್‌ಹಾರ್ಟ್, ಲಗ್ರೇಂಜ್ ಕಡೆ ಗಂಡಸರು ಹೋಗುವುದು ಆರ್‌ವಿ ಫ್ಯಾಕ್ಟರಿಗೆ, ಅಂದರೆ ಮನೆಯಂಥ ಗಾಡಿ ಕಟ್ಟುವ ಕಾರ್ಖಾನೆಗೆ. ತಮಾಷೆ ನೋಡಿ, ಕಾರು ಇಟ್ಟುಕೊಳ್ಳದವರು ಕಟ್ಟುವುದು ದೇಶದ ದೊಡ್ಡ ದೊಡ್ಡ ಗಾಡಿ.

ಬೆಳಗಿನ ಜಾವವೇ ವ್ಯಾನ್ ಬರುತ್ತದೆ, ಬಾಡಿಗೆ ಡ್ರೈವರ್. ಅಪ್ಪ ಡಬ್ಬಿ ಹಿಡಿದು ಹೋಗುತ್ತಾನೆ, ಮಧ್ಯಾಹ್ನ ಬರುತ್ತಾನೆ. ಕೈ ತುಂಬ ಸಂಬಳ. ಹೊಲ ಇದ್ದಾಗ ಮಗ ಇಡೀ ದಿನ ಅಪ್ಪನ ಹಿಂದೆ ಇರುತ್ತಿದ್ದ, ಕೆಲಸ ಕಲಿಯುತ್ತಿದ್ದ, ಭಾಷೆ ಕಲಿಯುತ್ತಿದ್ದ. ಈಗ ಅಪ್ಪ ಕೆಲಸದಲ್ಲಿ, ಮಗನ ಕೈಯಲ್ಲಿ ಖಾಲಿ ಹೊತ್ತು. 2008ರಲ್ಲಿ ಫ್ಯಾಕ್ಟರಿಗಳು ಬಾಗಿಲು ಹಾಕಿದಾಗ ಇವರಿಗೂ ಕೆಲಸ ಹೋಯಿತು. ಅವತ್ತು ಎಷ್ಟೋ ಜನ ಮನೆ ಹಿಂದೆ ಸಣ್ಣ ಶೆಡ್ಡು ಹಾಕಿ ಬಡಗಿ ಕೆಲಸಕ್ಕೆ ಇಳಿದರು. ಒಬ್ಬ ಹಿರಿಯರು ನನಗೆ ಹೇಳಿದ್ದು, "ಆ ವರ್ಷ ದುಡ್ಡಿರಲಿಲ್ಲ, ಮನೆಯಲ್ಲಿ ಊಟಕ್ಕೆ ಎಲ್ಲರೂ ಇರುತ್ತಿದ್ದೆವು."

ಶಾರದಾ, ಹ್ಯಾರಿಸ್‌ಬರ್ಗ್

ಹರೀಶ್, ಮೊಬೈಲ್ ವಿಷಯ ನಿಮ್ಮ ಕಡೆ ಹೇಗೆ?

ಹರೀಶ, ಗೋಶೆನ್ ಇಂಡಿಯಾನಾ

ಅದಕ್ಕೇ ಬರುತ್ತಿದ್ದೆ ಅಕ್ಕ. ಟ್ರ್ಯಾಕ್ಟರ್ ಬಚ್ಚಿಡಲು ಆಗುವುದಿಲ್ಲ. ಎಷ್ಟೋ ಗುಂಪುಗಳಲ್ಲಿ ಬೇಡ ಅಂದಿರುವ ರಬ್ಬರ್ ಟೈರನ್ನು ಅದಕ್ಕೆ ಹಾಕಿದರೆ ರಸ್ತೆಯಲ್ಲಿ ಹೋಗುವವರೆಲ್ಲ ನೋಡುತ್ತಾರೆ. ಮನೆಗೆ ತಂತಿ ಎಳೆದರೆ ಕಂಬ ಕಾಣುತ್ತದೆ. ಅವರ ಕಟ್ಟುಪಾಡು ನಿಂತಿರುವುದೇ ಎಲ್ಲರಿಗೂ ಎಲ್ಲವೂ ಕಾಣುತ್ತದೆ ಅನ್ನುವುದರ ಮೇಲೆ. ಜೇಬಿನ ಫೋನ್ ಒಬ್ಬನಿಗೆ ಮಾತ್ರ ಕಾಣುತ್ತದೆ. ಹಾಸಿಗೆಯಲ್ಲಿ ಕಂಬಳಿ ಹೊದ್ದು ನೋಡಿದರೆ ಹೆಂಡತಿಗೂ ಗೊತ್ತಾಗುವುದಿಲ್ಲ. 1910ರಲ್ಲಿ ಮನೆಯಿಂದ ಹೊಲದ ಅಂಚಿಗೆ ಕಳಿಸಿದ ಫೋನು ನೂರು ವರ್ಷ ಆದ ಮೇಲೆ ಅಂಗಿ ಜೇಬಿಗೆ ಬಂದು ಕೂತಿದೆ.

ಕಟ್ಟಡ ಕೆಲಸದ ಗುತ್ತಿಗೆದಾರರಿಗೆ ಫೋನ್ ಇಲ್ಲದೆ ನಡೆಯುವುದೇ ಇಲ್ಲ. "ಕೆಲಸಕ್ಕೆ ಮಾತ್ರ" ಅಂತ ಶುರುವಾಗುತ್ತದೆ. ಕೆಲವು ಗುಂಪುಗಳು ಮಡಚುವ ಹಳೇ ಫೋನಿಗೆ ಮಾತ್ರ ಒಪ್ಪಿವೆ, ಕೆಲವು ಕಡೆ ಇಂಟರ್‌ನೆಟ್ ಸೋಸಿ ಬಿಡುವ ವ್ಯವಸ್ಥೆ ಮಾಡಿಕೊಂಡಿದ್ದಾರೆ. ಇಂಟರ್‌ನೆಟ್ಟೇ ಇಲ್ಲದ, ಬಿಲ್ಲು ಮತ್ತು ಲೆಕ್ಕ ಬರೆಯಲು ಮಾತ್ರ ಆಗುವ ಕಂಪ್ಯೂಟರನ್ನು ಅವರಿಗಾಗಿಯೇ ಮಾಡಿ ಮಾರುತ್ತಾರೆ. ಹುಡುಗರು ಅಂತೂ ರುಮ್‌ಸ್ಪ್ರಿಂಗಾ ಕಾಲದಲ್ಲಿ ಇನ್‌ಸ್ಟಾದಲ್ಲೇ ಇರುತ್ತಾರೆ, ಬಟ್ಟೆ ಮಾತ್ರ ಆಮಿಶ್.

ಸುಮ್ನೆ_ಓದುವವ

ನೋಡಿ! ನಾನು ಮೊದಲನೇ ಕಾಮೆಂಟಲ್ಲೇ ಹೇಳಿದ್ದೆ.

ಹರೀಶ, ಗೋಶೆನ್ ಇಂಡಿಯಾನಾ

ಅರ್ಧ ಹೇಳಿದ್ದಿರಿ. ಇನ್‌ಸ್ಟಾ ನೋಡಿದ ಹುಡುಗರಲ್ಲೂ ಬಹಳಷ್ಟು ಜನ ಮದುವೆ ಹೊತ್ತಿಗೆ ಫೋನ್ ಬಿಟ್ಟು ದೀಕ್ಷೆ ತಗೊಳ್ಳುತ್ತಾರೆ. ಯಾಕೆ ಅಂತ ಕೇಳಿದರೆ ಮನೆ ಸುಟ್ಟರೆ ವಾರದೊಳಗೆ ಇನ್ನೂರು ಜನ ಬಂದು ಕಟ್ಟಿಕೊಡುವ ಜಾಗವನ್ನು ಬಿಟ್ಟು ಎಲ್ಲಿಗೆ ಹೋಗಲಿ ಅನ್ನುತ್ತಾರೆ. ಅವರು ಇಲ್ಲವಾಗುವುದಿಲ್ಲ, ಎರಡಾಗುತ್ತಾರೆ ಅಂತ ನನಗನ್ನಿಸುತ್ತದೆ. ಫೋನು, ಸೋಲಾರು, ವ್ಯಾಪಾರ ಅಂತ ಒಂದು ಕಡೆ. ಇನ್ನೂ ದೂರದ ಹಳ್ಳಿಗೆ ಸರಿದು ಇನ್ನೂ ಬಿಗಿ ಮಾಡಿಕೊಂಡವರು ಇನ್ನೊಂದು ಕಡೆ. ಹಾಗೆ ಒಡೆಯುವುದು ಅವರಿಗೆ ಹೊಸದಲ್ಲ. 1693ರಲ್ಲಿ ಯೂರೋಪಿನಲ್ಲಿ ಯಾಕೋಬ್ ಅಮ್ಮಾನ್ ಅನ್ನುವ ಧರ್ಮಗುರು ತನ್ನ ಪಂಗಡದಿಂದ ಬೇರೆಯಾಗಿ ಬಂದದ್ದರಿಂದಲೇ ಅಲ್ವಾ ಆ ಹೆಸರು ಬಂದದ್ದು.

ಮೀನಾ, ನರ್ಸ್

ಶಾರದಕ್ಕ, ನಿಮ್ಮ ಮಗನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಎಐ ಬಂದರೆ?

ನಾಗರಾಜ, ಓಹಿಯೋ

ಮೇಜು ಮಾಡುವವನ ಕೆಲಸ ಎಐ ಕಿತ್ತುಕೊಳ್ಳುವುದಿಲ್ಲ. ಮೇಜು ಕೊಳ್ಳುವ ಶಾರದಕ್ಕನ ಕೆಲಸ ಹೋದರೆ ಅವನಿಗೂ ಕಷ್ಟ. ಅವರ ಅಂಗಡಿ ನಡೆಯುವುದು ನಮ್ಮಂಥವರ ಸಂಬಳದಿಂದ. ಎಷ್ಟೋ ಆಮಿಶ್ ಪೀಠೋಪಕರಣದ ವೆಬ್‌ಸೈಟು ನಡೆಸುವುದೇ ಹೊರಗಿನವರು. ಹೊರಗಿನ ಜಗತ್ತು ಬೇಡ ಅಂದರೂ ಗಿರಾಕಿ ಅಲ್ಲಿಂದಲೇ ಬರಬೇಕು. ಎಂಟನೇ ಕ್ಲಾಸಿನ ಓದು ಹೊಲಕ್ಕೆ ಸಾಕಿತ್ತು, ವ್ಯಾಪಾರಕ್ಕೆ ಎಷ್ಟು ದಿನ ಸಾಕು ಅಂತ ಗೊತ್ತಿಲ್ಲ. ಅಲ್ಲಿ ಟೀಚರ್ ಮಾತು ಬೇರೆ ದಾರಿಯಿಂದ ಬಂದು ನಿಲ್ಲುತ್ತದೆ.

ಹೊಸಬ_ಫಿಲಡೆಲ್ಫಿಯಾ

ಚರ್ಚೆ ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. ಅಪ್ಪ ಅಮ್ಮ ಊರಿಂದ ಬಂದಿದ್ದಾರೆ, ಈ ಭಾನುವಾರ ಲ್ಯಾಂಕಾಸ್ಟರ್ ತೋರಿಸಬೇಕು ಅಂತಿದ್ದೇನೆ. ಏನೇನು ನೋಡಬಹುದು?

ಶಾರದಾ, ಹ್ಯಾರಿಸ್‌ಬರ್ಗ್

ಭಾನುವಾರ ಹೋಗಲೇಬೇಡಿ, ಆಮಿಶ್ ಅಂಗಡಿ ಎಲ್ಲ ಮುಚ್ಚಿರುತ್ತದೆ. ಶನಿವಾರ ಹೋಗಿ. 340ನೇ ರಸ್ತೆ ಹಿಡಿದು ಬರ್ಡ್ ಇನ್ ಹ್ಯಾಂಡ್ ಕಡೆಯಿಂದ ನಿಧಾನ ಹೋಗಿ, ಗಾಡಿಯ ಹಿಂದೆ ಹಾರ್ನ್ ಮಾಡಬೇಡಿ. ಮುಖದ ಫೋಟೋ ತೆಗೆಯಬೇಡಿ, ಅವರಿಗೆ ಇಷ್ಟ ಆಗುವುದಿಲ್ಲ. ಅಪ್ಪ ಅಮ್ಮನಿಗೆ ಬೂದು ಬಣ್ಣದ ಗಾಡಿ ತೋರಿಸಿ. ಲ್ಯಾಂಕಾಸ್ಟರ್‌ನದು ಬೂದು, ಓಹಿಯೋದ್ದು ಕಪ್ಪು. ಫೆಬ್ರವರಿ, ಮಾರ್ಚ್‌ನಲ್ಲಿ ಬಂದರೆ 'ಮಡ್ ಸೇಲ್' ಅಂತ ಹರಾಜು ನಡೆಯುತ್ತದೆ, ಊರಿನ ಅಗ್ನಿಶಾಮಕ ದಳಕ್ಕೆ ದುಡ್ಡು ಕೂಡಿಸಲು. ಹೆಸರಿಗೆ ತಕ್ಕ ಹಾಗೆ ಮೊಣಕಾಲುದ್ದ ಕೆಸರು.

ಡೈರಿ ರಾಮಣ್ಣ, ಚನ್ನರಾಯಪಟ್ಟಣ

ಶಾರದಮ್ಮ, ಮೇಜು ಬಂತೇ?

ಶಾರದಾ, ಹ್ಯಾರಿಸ್‌ಬರ್ಗ್

ಇಲ್ಲ ರಾಮಣ್ಣನವರೇ. ಅಳತೆಯಲ್ಲಿ ಎರಡಿಂಚು ಜಾಸ್ತಿ ಮಾಡಿಸಬೇಕಿತ್ತು. ಸೋಮವಾರ ಫೋನ್ ಮಾಡಿದರೆ ಗೂಡಿನ ಫೋನಿನಲ್ಲಿ ರೆಕಾರ್ಡ್ ಮಾಡಿದ ದನಿ, "ಹೇಳಬೇಕಾದ್ದನ್ನು ಹೇಳಿ ಇಡಿ, ಸಂಜೆ ಕೇಳುತ್ತೇವೆ." ಹೇಳಿ ಇಟ್ಟೆ. ಮಂಗಳವಾರ ಬೆಳಗ್ಗೆ ನಾನು ಆಫೀಸಿನ ಮೀಟಿಂಗಿನಲ್ಲಿದ್ದೆ, ಅವರು ಮಾಡಿದ್ದು ತಪ್ಪಿಹೋಯಿತು. ನಾನು ತಿರುಗಿ ಮಾಡಿದೆ, ಅವರು ಗೂಡಿನಲ್ಲಿರಲಿಲ್ಲ. ಹೀಗೆ ಮೂರು ದಿನ. ಕೊನೆಗೆ ಒಂದು ಪೋಸ್ಟ್ ಕಾರ್ಡ್ ಬಂತು. ಪೆನ್ಸಿಲಿನಲ್ಲಿ ಮೇಜಿನ ಚಿತ್ರ, ಹೊಸ ಅಳತೆ, ಕೆಳಗೆ "ಸರಿ ಇದ್ದರೆ ಏನೂ ಮಾಡಬೇಡಿ."

ಸುಮ್ನೆ_ಓದುವವ

ಅಕ್ಕ, ಒಂದೇ ಒಂದು ಕೊನೇ ಪ್ರಶ್ನೆ. ಆ ಗಾಳಿ ಮಿಕ್ಸಿಯಲ್ಲಿ ಕಾಯಿ ಚಟ್ನಿ ನುಣ್ಣಗೆ ಆಗುತ್ತಾ?

ಶಾರದಾ, ಹ್ಯಾರಿಸ್‌ಬರ್ಗ್

ಅದನ್ನು ಅವತ್ತೇ ಕೇಳಿದೆ ಮಾರಾಯ. ಆಕೆಗೆ ಕಾಯಿ ಚಟ್ನಿ ಅಂದರೇನು ಅಂತ ವಿವರಿಸಲು ಹತ್ತು ನಿಮಿಷ ಬೇಕಾಯಿತು. ಪ್ರಾರ್ಥನೆ ದಿನದ ಊಟಕ್ಕೆ ಕಡಲೆಕಾಯಿ ಬೆಣ್ಣೆಗೆ ಸಿಹಿ ಪಾಕ ಬೆರೆಸಿ ಬ್ರೆಡ್ಡಿಗೆ ಹಚ್ಚುತ್ತಾರಂತೆ, ಮಿಕ್ಸಿ ಅದಕ್ಕೆ. ಮೇಜು ತರಲು ಹೋಗುವಾಗ ಒಂದು ಕಾಯಿ ತನ್ನಿ, ನೋಡೇಬಿಡೋಣ ಅಂದಿದ್ದಾರೆ.